ಎರಡು ಚುಕ್ಕಿಯ ಎಡಗಡೆ

‘ಮ್ಯಾಜಿಕ್ ದಿ ಗ್ಯಾದರಿಂಗ್’ ಅನ್ನೋ ಕಾರ್ಡ್ ಆಟ ನೀವು ಆಡಿಲ್ಲದಿದ್ರೂ ಪರವಾಗಿಲ್ಲ. 1993ರಲ್ಲಿ ರಿಚರ್ಡ್ ಗಾರ್‌ಫೀಲ್ಡ್ ಅನ್ನೋ ಗಣಿತದ ಮೇಷ್ಟ್ರು ರೂಪಿಸಿದ ಆಟ. ಅದರ ಒಂದು ನಿಯಮ ಮಾತ್ರ ಇಲ್ಲಿ ಬೇಕು. ಕೆಲವು ಕಾರ್ಡುಗಳ ಮೇಲೆ ಒಂದು ಸಾಲಿರುತ್ತೆ, ಸಾಲಿನ ನಡುವೆ ಒಂದರ ಮೇಲೊಂದು ಎರಡು ಚುಕ್ಕಿ. ಎಡಗಡೆ ಇರೋದು ಬೆಲೆ, ಬಲಗಡೆ ಇರೋದು ಫಲ. ಇದನ್ನ ಆಕ್ಟಿವೇಟೆಡ್ ಎಬಿಲಿಟಿ ಅಂತಾರೆ. ಸಾಮರ್ಥ್ಯ ಕಾರ್ಡಿನಲ್ಲಿ ಇದ್ದೇ ಇರುತ್ತೆ, ಆದರೆ ತಾನಾಗಿ ಕೆಲಸ ಮಾಡಲ್ಲ. ಬೆಲೆ ಕೊಟ್ಟು ಎಬ್ಬಿಸಬೇಕು.

ಬೆಲೆಯಲ್ಲಿ ಮುಖ್ಯವಾಗಿ ಎರಡು ಥರ. ಒಂದು ‘ಟ್ಯಾಪ್’: ಕಾರ್ಡನ್ನ ಅಡ್ಡಕ್ಕೆ ತಿರುಗಿಸ್ತೀರಿ, ಅದು ದಣಿದಿದೆ ಅಂತ ಅರ್ಥ. ನಿಮ್ಮ ಮುಂದಿನ ಸರದಿ ಶುರುವಾದಾಗ ಮತ್ತೆ ನೆಟ್ಟಗಾಗುತ್ತೆ. ಇನ್ನೊಂದು ‘ಸ್ಯಾಕ್ರಿಫೈಸ್’, ಅಂದ್ರೆ ಬಲಿ. ಮಾಗ್ ಫನಾಟಿಕ್ ಅನ್ನೋ ಪುಟ್ಟ ಪ್ರಾಣಿ ತನ್ನನ್ನೇ ಬಲಿ ಕೊಟ್ಟು ಎದುರಾಳಿಗೆ ಒಂದು ಪೆಟ್ಟು ಹಾಕುತ್ತೆ. ಅದು ಸುಮ್ಮನೆ ಮುಂದಿನ ಸರದಿಗೆ ಎದ್ದು ಕೂರಲ್ಲ.

ಬೆಲೆ ಕೊಡೋದಕ್ಕೆ ಮೂರು ಕಟ್ಟುಗಳಿವೆ. ಮೊದಲು ಬೆಲೆ, ಆಮೇಲೆ ಫಲ. ಬೆಲೆ ಪೂರ್ತಿ ಕೊಡಬೇಕು, ಅರ್ಧ ಈಗ ಅರ್ಧ ಆಮೇಲೆ ಅನ್ನೋ ಹಾಗಿಲ್ಲ. ಕೊನೆಯದು, ನಿಮ್ಮ ಕೈಕೆಳಗಿರೋದನ್ನ ಮಾತ್ರ ಬಲಿ ಕೊಡಬಹುದು. ಎದುರಿಗೆ ಕೂತವನ ಪ್ರಾಣಿಯನ್ನ ಬಲಿ ಕೊಟ್ಟು ನಿಮ್ಮ ಕೆಲಸ ಮಾಡಿಕೊಳ್ಳೋಕೆ ಆಗಲ್ಲ.

ಆಟಕ್ಕೆ ಇಷ್ಟು ಶಿಸ್ತಿದೆ. ಊರಿಗೆ ಇದೆಯಾ? ಬಸವನ ಬಾಗೇವಾಡಿ ಸೀಮೆಯ ಮುಳವಾಡವನ್ನ ಇಟ್ಟುಕೊಂಡು ನೋಡೋಣ. ವಿಜಯಪುರ ಜಿಲ್ಲೆಯ ದಕ್ಷಿಣದ ಅಂಚಲ್ಲೇ ಕೃಷ್ಣೆ ಹರಿಯುತ್ತಾಳೆ, ಹೊಲಗಳು ಮಾತ್ರ ಎತ್ತರದಲ್ಲಿ ಒಣಗುತ್ತಿರುತ್ತವೆ. ಮುಳವಾಡ ಏತ ನೀರಾವರಿ ಯೋಜನೆ ಆಲಮಟ್ಟಿ ಹಿನ್ನೀರನ್ನ ಪಂಪಿನಿಂದ ಮೇಲೆತ್ತಿ ಕಾಲುವೆಗೆ, ಕೆರೆಗೆ ಬಿಡುತ್ತೆ. ಬರ ಕಂಡ ಸೀಮೆಗೆ ನೀರು ಅಂದ್ರೆ ಏನು ಅಂತ ನಲ್ಲಿ ತಿರುಗಿಸಿ ಬೆಳೆದವರಿಗೆ ಹೇಳಿ ತಿಳಿಸೋದು ಕಷ್ಟ. ಚುಕ್ಕಿಯ ಬಲಗಡೆ ಇರೋ ಫಲ ದೊಡ್ಡದೇ.

ಎಡಗಡೆ? 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಹಿನ್ನೀರು ನಿಂತಾಗ ಹಳೆ ಬಾಗಲಕೋಟೆಯ ಎಷ್ಟೋ ಭಾಗ ಹೋಯಿತು, ಜನ ನವನಗರಕ್ಕೆ ಬಂದರು. ಕೊಲ್ಹಾರದವರು ಹಳೇ ಊರು ಬಿಟ್ಟು ಹೊಸ ಊರು ಕಟ್ಟಿಕೊಂಡರು. ಇದು ಟ್ಯಾಪ್ ಅಲ್ಲ, ಬಲಿ. ಹಣ ಕೊಟ್ಟರೆ ಇನ್ನೊಂದು ಹೊಲ ಸಿಗಬಹುದು. ಅಜ್ಜ ಬಾವಿ ತೋಡಿದ ಹೊಲ, ಅಗಸಿ ಬಾಗಿಲು, ಓಣಿಯ ನೆರೆಹೊರೆ ಮತ್ತೆ ನೆಟ್ಟಗೆ ನಿಲ್ಲಲ್ಲ. ನಮ್ಮ ಸರ್ಕಾರಿ ಭಾಷೆಯ ದೊಡ್ಡ ತಪ್ಪು ಇದೇ ಅನ್ನಿಸುತ್ತೆ: ಬಲಿಯ ಲೆಕ್ಕವನ್ನ ಟ್ಯಾಪ್‌ನ ಲೆಕ್ಕದಲ್ಲಿ ಬರೆಯೋದು. ‘ಪುನರ್ವಸತಿ’ ಅಂದ ಕೂಡಲೇ ಎಲ್ಲಾ ಮೊದಲಿನ ಹಾಗೇ ಆಗುತ್ತೆ ಅನ್ನೋ ಧ್ವನಿ ಬಂದುಬಿಡುತ್ತೆ.

ಮೊದಲ ಎರಡು ಕಟ್ಟು ನಮ್ಮ ಕಾನೂನಿಗೂ ಗೊತ್ತು. 2013ರ ಭೂಸ್ವಾಧೀನ ಕಾಯ್ದೆ ಪರಿಹಾರ ಪೂರ್ತಿ ಕೊಟ್ಟ ಮೇಲೇ ಜಮೀನು ವಶಕ್ಕೆ ತಗೊಳ್ಳಿ ಅನ್ನುತ್ತೆ. ನೀರಾವರಿ ಯೋಜನೆಯಾದರೆ, ಜಮೀನು ಮುಳುಗೋ ಆರು ತಿಂಗಳು ಮೊದಲೇ ಪುನರ್ವಸತಿ ಮುಗಿದಿರಬೇಕು ಅನ್ನುತ್ತೆ. ಮೊದಲು ಬೆಲೆ, ಅದೂ ಪೂರ್ತಿ. ಕಾಗದದ ಮೇಲೆ ಆಟದಷ್ಟೇ ನೇರ.

ತೊಡಕು ಮೂರನೇ ಕಟ್ಟಿನದು. ಯಾರದ್ದನ್ನ ಯಾರು ಬಲಿ ಕೊಡ್ತಿದ್ದಾರೆ? ‘ನಾಡಿಗಾಗಿ ನಾವು ತ್ಯಾಗ ಮಾಡಿದೆವು’ ಅಂತ ವೇದಿಕೆ ಮೇಲಿಂದ ಹೇಳೋದು ಸುಲಭ. ಇದಕ್ಕೊಂದು ಗಟ್ಟಿ ವಾದವೂ ಇದೆ: ಸಮಾಜ ಅನ್ನೋದು ಒಬ್ಬನೇ ಆಟಗಾರ, ಹೊಲವೂ ಅವನದೇ, ನೀರೂ ಅವನದೇ, ಹಾಗಾಗಿ ಇದು ಪರರ ಬಲಿ ಅಲ್ಲ. ನಾನು ಈ ವಾದವನ್ನ ತಳ್ಳಿಹಾಕಲ್ಲ. ಯಾರೂ ಏನೂ ಬಿಡದೆ ಕೆರೆ ತುಂಬಲ್ಲ, ಮುಳವಾಡದ ಕಾಲುವೆ ತೋಡೋಕೂ ಯಾರದೋ ಜಮೀನು ಬೇಕು. ಆದರೆ ವಾದಕ್ಕೆ ಒಂದು ಷರತ್ತಿದೆ. ಕೊಡುವಾಗ ‘ನಾವು’ ಒಳಗಿದ್ದವರು ಪಡೆಯುವಾಗಲೂ ಒಳಗಿರಬೇಕು. ಊರು ಬಿಟ್ಟವನ ಹೊಸ ಮನೆಯ ನಲ್ಲಿಗೆ ನೀರು ಬಂತಾ, ಅವನ ಮಗಳಿಗೆ ಕೆಲಸ ಸಿಕ್ಕಿತಾ ಅಂತ ಕೇಳದೆ ‘ನಾವು’ ಅಂದ್ರೆ, ಎದುರಿಗಿದ್ದವನ ಕಾರ್ಡನ್ನೇ ಎಳೆದು ಬಲಿ ಕೊಟ್ಟ ಹಾಗೆ.

ಇದು ಅಣೆಕಟ್ಟಿಗಷ್ಟೇ ಸೇರಿದ ಪ್ರಶ್ನೆ ಅಲ್ಲ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಹಾಲು, ಬ್ರೆಡ್ ಬರೋ ಸಾಮರ್ಥ್ಯವನ್ನ ನಾವು ಬೆರಳ ತುದಿಯಲ್ಲಿ ಎಬ್ಬಿಸ್ತೀವಿ. ಸಿಗ್ನಲ್‌ನಲ್ಲಿ ಬೈಕ್ ನುಗ್ಗಿಸೋ ಹುಡುಗನ ಮೊಣಕಾಲು ಆ ಬಿಲ್ಲಿನಲ್ಲಿ ಕಾಣಲ್ಲ. ರಾತ್ರಿ ರಿಲೀಸ್‌ಗೆ ಎದ್ದು ಕೂತರೆ ನಿದ್ದೆ ಟ್ಯಾಪ್ ಆಗುತ್ತೆ, ಭಾನುವಾರ ತುಂಬಿಕೊಳ್ಳಬಹುದು. ಮಗಳ ಮೂರನೇ ವರ್ಷ ಟ್ಯಾಪ್ ಆಗಲ್ಲ.

ಆಟದ ಇನ್ನೊಂದು ನಿಯಮ ಇದೆ. ಒಮ್ಮೆ ಎಬ್ಬಿಸಿದ ಸಾಮರ್ಥ್ಯ ಆ ಕಾರ್ಡಿನಿಂದ ಬೇರೆಯಾಗಿಬಿಡುತ್ತೆ. ಕಾರ್ಡು ಸತ್ತರೂ ಫಲ ನಡೆದೇ ನಡೆಯುತ್ತೆ. ಎದುರಾಳಿ ಫಲವನ್ನ ತಡೆಯಬಹುದು, ಆದರೆ ಕೊಟ್ಟ ಬೆಲೆ ವಾಪಸ್ ಬರಲ್ಲ. ಅದಕ್ಕೇ ಪ್ರಶ್ನೆ ಕೇಳೋ ಹೊತ್ತು ಎಬ್ಬಿಸೋದಕ್ಕೆ ಮೊದಲು.

ಆಲಮಟ್ಟಿಯಲ್ಲಿ ಆ ಹೊತ್ತು ಇನ್ನೂ ಇದೆ. ಈಗ ನೀರು ನಿಲ್ಲೋದು 519.60 ಮೀಟರ್‌ಗೆ. ಕೃಷ್ಣಾ ನ್ಯಾಯಮಂಡಳಿಯ 2010ರ ತೀರ್ಪು 524.256ಕ್ಕೆ ಒಪ್ಪಿದೆ, ಮುಳವಾಡದ ಮುಂದಿನ ವಿಸ್ತರಣೆಯೂ ಆ ಮೂರನೇ ಹಂತದ್ದೇ ಭಾಗ. ನಡುವಿನ ನಾಲ್ಕೂವರೆ ಮೀಟರ್ ಚಿಲ್ಲರೆಯಲ್ಲಿ ಇನ್ನಷ್ಟು ಹಳ್ಳಿ, ಹೊಲ ಇವೆ. ಆ ನೀರು ಬೇಡ ಅಂತ ಒಣ ಹೊಲದವನಿಗೆ ಹೇಳೋ ಧೈರ್ಯ ನನಗಿಲ್ಲ. ಎಡಗಡೆ ಬರೆದಿರೋದನ್ನ ಹೆಸರು ಹಿಡಿದು, ಗಟ್ಟಿಯಾಗಿ, ಮೊದಲೇ ಓದಿ ಅಂತ ಮಾತ್ರ ಕೇಳಬಲ್ಲೆ.