ಗವಾಯಿಗಳಿಗೆ ಊಟವಾಯಿತೇ?

ಸಂಗೀತ ಕಛೇರಿಗಳ ವರದಿಯನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದುತ್ತೇವೆ. ಯಾವ ರಾಗದಿಂದ ಮೊದಲಾಯಿತು, ತಬಲಾ ಸಾಥ್ ಯಾರದು, ಅಧ್ಯಕ್ಷತೆ ಯಾರು ವಹಿಸಿದ್ದರು, ವಂದನಾರ್ಪಣೆ ಯಾರಿಂದ ಎಂಬುದೆಲ್ಲ ತಪ್ಪದೆ ಇರುತ್ತದೆ. ಹಾಡುವುದಕ್ಕೆ ಮೊದಲು ಹಾಡುಗಾರ ಎಲ್ಲಿ ಕುಳಿತಿದ್ದ, ಏನು ಉಂಡ, ಹಾಡಿ ಮುಗಿದ ಮೇಲೆ ಎಲ್ಲಿ ಮಲಗಿದ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಅದೂ ಒಂದು ಬರೆಯತಕ್ಕ ವಿಷಯವೇ ಎಂದು ವಾಚಕರು ನಗಬಹುದು. ಆದರೆ ಒಂದು ಊರಿಗೆ ಸಂಗೀತದ ಮೇಲೆ ಎಷ್ಟು ಪ್ರೀತಿಯಿದೆ ಎಂಬುದನ್ನು ಪೆಂಡಾಲಿನಲ್ಲಿ ಕುಳಿತು ತಿಳಿಯುವುದಕ್ಕಿಂತ ವೇದಿಕೆಯ ಹಿಂದಿನ ಕೋಣೆಗೆ ಹೋಗಿ ತಿಳಿಯುವುದು ಸುಲಭ. ಮುಂದುಗಡೆ ಇರುವುದು ಚಪ್ಪಾಳೆ, ಚಪ್ಪಾಳೆಗೆ ಖರ್ಚಿಲ್ಲ.

ನಮ್ಮ ಕಲಬುರಗಿ ಸೀಮೆಯಲ್ಲಿ ಶ್ರಾವಣ ಬಂತೆಂದರೆ ಊರೂರಿನ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಪ್ರವಚನ ಹೇಳುವ ಶಾಸ್ತ್ರಿಗಳ ಜೊತೆಗೆ ಹಾರ್ಮೋನಿಯಂ ಹಿಡಿದ ಗವಾಯಿಗಳೊಬ್ಬರು, ತಬಲಾದವರೊಬ್ಬರು ಇರಲೇಬೇಕು. ಇವರಲ್ಲಿ ಅನೇಕರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಕೆಲವರು ಕಣ್ಣಿಲ್ಲದವರು. ಆ ಆಶ್ರಮವೇ ಒಂದು ಕಾಲಕ್ಕೆ ಊರಿಂದೂರಿಗೆ ಸಂಚರಿಸುವ ಪಾಠಶಾಲೆಯಾಗಿತ್ತು. ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ, 1942ರಲ್ಲಿ ಗದುಗಿನಲ್ಲಿ ನೆಲೆ ನಿಂತರು. ಎರಡು ವರ್ಷಕ್ಕೇ ತೀರಿಕೊಂಡರು. ಮುಂದೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಮನೆಯನ್ನು ನಡೆಸಿದರು. ಉತ್ತರ ಕರ್ನಾಟಕದ ಅರ್ಧ ಸಂಗೀತವನ್ನು ಬದುಕಿಸಿದ್ದು ಹಳ್ಳಿಯ ರೊಟ್ಟಿ ಎಂದರೆ ಅತಿಶಯೋಕ್ತಿಯಾಗಲಾರದು.

ಆ ರೊಟ್ಟಿಯನ್ನು ನೋಡಬೇಕಾದರೆ ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಕಮಲಾಪುರದ ಸುತ್ತಿನ ಹಳ್ಳಿಗಳಿಗೆ ಹೋಗಬೇಕು. ದಿನಕ್ಕೊಂದು ಮನೆಯವರು ಗವಾಯಿಗಳ ಊಟದ ಪಾಳಿ ಹಿಡಿದಿರುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಸೋಮವಾರಕ್ಕೆ ಹೋಳಿಗೆಯೋ ಮಾಲದಿಯೋ. ಬೀಳ್ಕೊಡುವ ದಿನ ಕಮಲಾಪುರದ ಹೆಸರು ಹೊತ್ತ ಕೆಂಪು ಬಾಳೆಹಣ್ಣು. “ಇನ್ನೊಂದು ರೊಟ್ಟಿ ಹಾಕ್ಕೊಳ್ರಿ, ಏನೂ ಉಂಡೇ ಇಲ್ಲ” ಎನ್ನುವ ತಾಯಿಯ ಮಾತಿನಲ್ಲಿ ಎಳ್ಳಷ್ಟೂ ಕಪಟವಿರುವುದಿಲ್ಲ. ಈ ಪ್ರೀತಿಯನ್ನು ಹಗುರವಾಗಿ ಕಾಣುವವನು ನಾನಲ್ಲ.

ತೊಡಕು ಬರುವುದು ಲೆಕ್ಕದ ಹೊತ್ತಿಗೆ. ಪುರಾಣ ಮಂಗಲವಾಗಿ ಕಮಿಟಿಯವರು ಕುಳಿತಾಗ, ಆಡಿದ್ದಕ್ಕಿಂತ ಹಗುರಾದ ಲಕೋಟೆಯೊಂದನ್ನು ಗವಾಯಿಗಳ ಕೈಗಿಟ್ಟು ಯಜಮಾನರು ಹೇಳುವ ಮಾತು ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ: “ತಿಂಗಳತನಾ ಉಣಿಸೀವ್ರಿ, ಇಟ್ಕೊಂಡೀವ್ರಿ. ಇದೂ ಒಂದು ಸೇವಾ ಅಂತ ತಿಳ್ಕೋರಿ.” ಪೆಂಡಾಲಿನವನಿಗೆ ಹೀಗೆ ಯಾರೂ ಹೇಳುವುದಿಲ್ಲ. ಮೈಕಿನವನಿಗೂ ಹೇಳುವುದಿಲ್ಲ. ಅವರೂ ಅದೇ ಪಂಕ್ತಿಯಲ್ಲಿ ಅದೇ ರೊಟ್ಟಿ ಉಂಡಿರುತ್ತಾರೆ. ಆದರೂ ಬಾಡಿಗೆಯಲ್ಲಿ ರೊಟ್ಟಿಯ ಬೆಲೆಯನ್ನು ಮುರಿದುಕೊಳ್ಳುವ ಧೈರ್ಯ ಯಾವ ಕಮಿಟಿಗೂ ಇಲ್ಲ.

ಹೀಗೆ ಹೇಳುವವರು ಸಮರ್ಥನೆಗೆ ದಾಸೋಹದ ಹೆಸರನ್ನು ತರುವುದುಂಟು. ಈ ಊರಿನಲ್ಲಿ ಆ ಹೆಸರನ್ನು ಜೋಪಾನವಾಗಿ ಎತ್ತಬೇಕು. ಅರಳಗುಂಡಗಿಯಿಂದ ಬಂದು ಕಲಬುರಗಿಯಲ್ಲಿ ನಿಂತ ಶರಣಬಸವೇಶ್ವರರನ್ನು ಜನ ನೆನೆಯುವುದೇ ಮಹಾದಾಸೋಹಿ ಎಂದು. ಹನ್ನೆರಡನೆಯ ಶತಮಾನದ ಶರಣರು ದಾನವನ್ನೂ ದಾಸೋಹವನ್ನೂ ಬೇರೆ ಬೇರೆಯಾಗಿ ಕಂಡರು. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ, ಉಣ್ಣುವವನಿಗೆ ಯಾವ ಋಣವೂ ಇಲ್ಲ. ಅದೇ ಶರಣರು ಕಾಯಕವೆಂಬ ಮಾತನ್ನೂ ಹೇಳಿದರು. ದಾಸೋಹ ನಡೆಯಬೇಕಾದದ್ದು ನಮ್ಮ ಕಾಯಕದ ಗಳಿಕೆಯಿಂದ, ಇನ್ನೊಬ್ಬನ ಕಾಯಕದ ಗಳಿಕೆಯನ್ನು ಹಿಡಿದಿಟ್ಟುಕೊಂಡಲ್ಲ. ಹಾಡುವುದು ಗವಾಯಿಯ ಕಾಯಕ. ಅದರ ಸಂಭಾವನೆಯನ್ನು ಕಡಿಮೆ ಮಾಡಿ, ಆ ಕಡಿತವನ್ನು ಊಟದಿಂದ ಸರಿದೂಗಿಸಿದರೆ ಅಲ್ಲಿ ಉಣಿಸಿದವರು ಯಾರು? ಗವಾಯಿ ತನ್ನ ದುಡ್ಡಿನಲ್ಲಿ ತಾನೇ ಉಂಡಂತಾಯಿತು. ಪುಣ್ಯ ಮಾತ್ರ ಕಮಿಟಿಯ ಖಾತೆಗೆ ಹೋಯಿತು. ಬಡಿಸಿದ ತಾಯಿಗೆ ಈ ಲೆಕ್ಕ ಗೊತ್ತೇ ಇರುವುದಿಲ್ಲ. ಅವಳ ರೊಟ್ಟಿಯನ್ನೂ ಇವರು ಮಾರಿಕೊಂಡರೆಂದೇ ಹೇಳಬೇಕು.

ಹಾಗಾದರೆ ದುಡ್ಡನ್ನು ಮೊದಲೇ ಎಣಿಸಿ ಕೊಟ್ಟರೆ ಎಲ್ಲ ತೀರಿತೇ? ಅದನ್ನೂ ನಗರದಲ್ಲಿ ಕಾಣುತ್ತಿದ್ದೇವೆ. ಸಭಾಂಗಣದ ಹಿಂದೆ ಹವಾನಿಯಂತ್ರಿತ ಕೋಣೆ, ಮೇಜಿನ ಮೇಲೆ ಊಟದ ಪೊಟ್ಟಣ, ಮುಚ್ಚಳ ಬಿಚ್ಚದ ನೀರಿನ ಬಾಟಲಿ. ಹಣ ಮುಂಚೆಯೇ ಬ್ಯಾಂಕಿಗೆ ಬಿದ್ದಿರುತ್ತದೆ. “ಊಟವಾಯಿತೇ?” ಎಂದು ಕೇಳುವುದು ಯಾರ ಕೆಲಸವೂ ಅಲ್ಲ. ಇಲ್ಲಿ ಅನ್ಯಾಯವೇನೂ ನಡೆಯಲಿಲ್ಲ. ಆದರೆ ಮನುಷ್ಯರು ಯಾರೂ ಇರಲಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ನಾನು ಈ ಪೊಟ್ಟಣವನ್ನೇ ಆರಿಸುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ. ಏಕೆಂದರೆ ಕೂಲಿ ಸಂದ ಮೇಲೆ ಪ್ರೀತಿಯನ್ನು ಸೇರಿಸುವುದು ಸಾಧ್ಯ. ಪ್ರೀತಿಯನ್ನು ಕೂಲಿಯ ಬದಲಿಗೆ ಕೊಟ್ಟಮೇಲೆ ಎರಡೂ ಕೆಡುತ್ತವೆ.

ಇನ್ನು ಪ್ರೀತಿಯೇ ಕೊಡುವ ತೊಂದರೆಯೂ ಒಂದುಂಟು. ಹಾಡುವವರು ಹೊಟ್ಟೆ ಬಿರಿಯ ಉಂಡು ಹಾಡಲಾರರು. ಹೋಳಿಗೆ ತುಪ್ಪ, ಅದರ ಮೇಲೆ ತಣ್ಣನೆಯ ಮಜ್ಜಿಗೆ, ಆಮೇಲೆ ಮೇಲಿನ ಷಡ್ಜ ಎಂದರೆ ಹೇಗೆ? ಅವರಿಗೆ ಬೇಕಾದದ್ದು ಒಂದು ತಂಬಿಗೆ ಬಿಸಿನೀರು ಮತ್ತು ಅರ್ಧ ಗಂಟೆಯ ಮೌನ. ತಂಬೂರಿಯ ಶ್ರುತಿ ಕೂಡಿಸುತ್ತಿರುವಾಗಲೇ ಹತ್ತಿರ ಬಂದು “ನಮ್ಮ ಮಾವನವರೂ ಬಹಳ ಚೆನ್ನಾಗಿ ಹಾಡುತ್ತಿದ್ದರು” ಎಂದು ಆರಂಭಿಸುವ ಸಜ್ಜನರಿದ್ದಾರೆ. ಫೋಟೋಕ್ಕೆಂದು ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸುವವರಿದ್ದಾರೆ. ಇವೆಲ್ಲ ಗೌರವವೇ. ಆದರೆ ಯಾರ ಸುಖಕ್ಕಾಗಿ ಆ ಗೌರವ ಎಂದು ಕೇಳಿಕೊಳ್ಳಬೇಕು.

ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದರೆ ನಮ್ಮಲ್ಲಿ ಸೊಕ್ಕು ಎನ್ನುತ್ತಾರೆ. ಅಮೆರಿಕದ ವ್ಯಾನ್ ಹೇಲನ್ ಎಂಬ ರಾಕ್ ತಂಡ ತನ್ನ 1982ರ ಒಪ್ಪಂದಪತ್ರದಲ್ಲಿ, ಕೋಣೆಯಲ್ಲಿ ಬಣ್ಣಬಣ್ಣದ ಚಾಕೊಲೇಟ್ ಗುಳಿಗೆಗಳಿರಬೇಕು, ಆದರೆ ಕಂದು ಬಣ್ಣದ್ದು ಒಂದೂ ಇರಕೂಡದು ಎಂದು ಬರೆಸಿತ್ತು. ಜಗತ್ತು ಬಹಳ ದಿನ ಇದನ್ನು ಹೇಳಿಕೊಂಡು ನಕ್ಕಿತು. ಕಂದು ಗುಳಿಗೆ ಕಂಡಿತೆಂದರೆ ಪತ್ರವನ್ನು ಪೂರ್ತಿ ಓದಿಲ್ಲವೆಂದು ಅರ್ಥ, ವೇದಿಕೆಯ ಭಾರ ಮತ್ತು ವಿದ್ಯುತ್ತಿನ ವ್ಯವಸ್ಥೆಯನ್ನು ಮತ್ತೆ ಪರೀಕ್ಷಿಸಬೇಕೆಂದು ಅರ್ಥ ಎಂದು ಆ ತಂಡದ ಹಾಡುಗಾರ ಡೇವಿಡ್ ಲೀ ರಾತ್ ಆಮೇಲೆ ವಿವರಿಸಿದ. ನಮ್ಮ ಗವಾಯಿಗಳಿಗೆ ಬಿಸಿನೀರು ಕೇಳುವುದಕ್ಕೂ ಸಂಕೋಚ.

ಈ ಕೋಣೆಯ ನಿಜವಾದ ಪರೀಕ್ಷೆ ಮುಖ್ಯ ಗಾಯಕನದಲ್ಲ, ಅವನ ಹಿಂದೆ ಬರುವವರದು. ಗಾಯಕನಿಗೆ ಕುರ್ಚಿ, ಶಾಲು. ತಬಲಾದವನು ಚೀಲದ ಮೇಲೆ ಕೈಯಿಟ್ಟು ಕಟ್ಟೆಯ ಮೇಲೆ. ಗಾಡಿ ಹೊಡೆಯುವವನು ಗಾಡಿಯಲ್ಲೇ. ತಬಲಾದವನ ಹೆಸರು ಕೇಳಿದ ಮೇಲೆ ತಟ್ಟೆ ಬದಲಾಗುವುದೂ ಉಂಟು. ಅವನ ಠೇಕಾ ಎಲ್ಲರ ಕಿವಿಗೂ ಸಲ್ಲುತ್ತದೆ, ಅವನ ಕೈ ಮುಟ್ಟಿದ ಲೋಟ ಸಲ್ಲುವುದಿಲ್ಲ. ಗಂಗೂಬಾಯಿ ಹಾನಗಲ್ಲರು ತಮ್ಮ ಬಾಲ್ಯದ ಸಂಗತಿಯೊಂದನ್ನು ಹೇಳಿಕೊಂಡಿದ್ದಾರೆ: ನೆರೆಯ ಶ್ರೀಮಂತರ ತೋಟದಲ್ಲಿ ಮಾವಿನಕಾಯಿಗೆ ಕೈಹಾಕಿದಾಗ, ಕದ್ದುದಕ್ಕಿಂತ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲ ಎಂಬುದೇ ಅವರಿಗೆ ದೊಡ್ಡ ಅಪರಾಧವಾಗಿತ್ತು. ಕೀರ್ತಿ ಬಂದ ಮೇಲೆ ಅಂಥ ಮನೆಗಳಿಂದಲೇ ಅವರಿಗೆ ಊಟದ ಕರೆ ಬಂತು. ಆ ಊಟವನ್ನು ಹಾಕಿದ್ದು ಅವರಿಗೋ, ಅವರ ಕೀರ್ತಿಗೋ?

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. 1937ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಊರಿಗೆ ಹಾಡಲು ಬಂದ ಮರಿಯನ್ ಆಂಡರ್ಸನ್ ಎಂಬ ಮಹಾಗಾಯಕಿಗೆ, ಆಕೆ ಕಪ್ಪು ಜನಾಂಗದವಳೆಂಬ ಕಾರಣಕ್ಕೆ ಅಲ್ಲಿನ ಹೋಟೆಲಿನಲ್ಲಿ ಕೋಣೆ ಸಿಗಲಿಲ್ಲ. ಹಾಡು ಕೇಳಲು ಊರು ನೆರೆದಿತ್ತು, ಮಲಗಲು ಜಾಗವಿರಲಿಲ್ಲ. ವಿಜ್ಞಾನಿ ಐನ್‌ಸ್ಟೈನ್ ತಮ್ಮ ಮನೆಗೆ ಕರೆದುಕೊಂಡು ಹೋದರು. ಮುಂದೆಯೂ ಆ ಊರಿಗೆ ಹೋದಾಗ ಆಕೆ ಅವರ ಮನೆಯಲ್ಲೇ ಇಳಿಯುತ್ತಿದ್ದರು.

ಹಾಡುವ ಹೆಣ್ಣುಮಕ್ಕಳ ಮಾತಂತೂ ಬೇರೆಯೇ. ಹಳ್ಳಿಯ ಗುಡಿಯ ಹಿಂದೆ ಸೀರೆ ಬದಲಿಸಲು ಅಗಳಿಯಿರುವ ಒಂದು ಕೋಣೆ ಇಲ್ಲ, ಪಾಯಿಖಾನೆ ಇಲ್ಲ. ರಾತ್ರಿ ಹಾಡಬೇಕಾದವರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ, ಗಂಟಲು ಒಣಗಿದರೂ. ಹೂವಿನ ಹಾರಕ್ಕೆ, ಫ್ಲೆಕ್ಸ್ ಬೋರ್ಡಿಗೆ ಸಾವಿರ ಸಾವಿರ ತೆಗೆಯುವ ಕಮಿಟಿಗೆ ಇದೊಂದು ಮಾತ್ರ ಹೊಳೆಯುವುದಿಲ್ಲ. ಹೇಳಿದರೆ ಹೊಳೆಯುತ್ತದೆ. ಆದ್ದರಿಂದಲೇ ಹೇಳುತ್ತಿದ್ದೇನೆ.

ಕೊನೆಗೆ ಉಳಿಯುವುದು ಊಟವಾದ ನಂತರದ ಆ ಹೊತ್ತು. ಮನೆಯವರಿಗೆ ಇನ್ನೊಂದು ಪದ ಕೇಳುವ ಆಸೆ, ಅತಿಥಿಗೆ ನಿದ್ದೆ. ಅನ್ನ ಹಾಕಿದವರಿಗೆ ಒಲ್ಲೆ ಎನ್ನುವುದು ಹೇಗೆ? ಒಲ್ಲೆ ಎನ್ನಲು ಬಾರದಂಥ ಅನ್ನ ಅದಾಗಿದ್ದರೆ ಅದು ಅನ್ನವೇ ಅಲ್ಲ, ಮುಂಗಡ. ಕಳೆದ ಶ್ರಾವಣದಲ್ಲಿ ಕಮಲಾಪುರದ ಕಡೆಯ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಹನ್ನೊಂದು ಗಂಟೆ ಮೀರಿತ್ತು. ಮಗ ಹಾರ್ಮೋನಿಯಂ ಪೆಟ್ಟಿಗೆಯನ್ನು ಗವಾಯಿಗಳ ಮುಂದೆ ಸರಿಸಿ “ಒಂದೇ ಒಂದು ಪದ ಹಾಡ್ರಿ” ಎಂದ. ಒಳಗಿನಿಂದ ಅವನ ಮುದುಕಿ ತಾಯಿ ಬಂದರು. “ಸುಮ್ಕಿರೋ. ಅವರ ಗಂಟಲ ಅಂದ್ರ ನಮ್ಮ ಹೊಲದಾಗಿನ ಬೋರ್ ಅದ ಏನು, ಬಟನ್ ಒತ್ತಿದಾಗೊಮ್ಮೆ ಬರ್ಲಾಕ? ಮಲಗ್ಲಿ ಬಿಡು” ಎಂದು ಪೆಟ್ಟಿಗೆಯನ್ನು ತಾವೇ ಎತ್ತಿ ಮೂಲೆಗಿಟ್ಟರು, ತಂಬಿಗೆಯಲ್ಲಿ ನೀರು ತಂದು ಹಾಸಿಗೆಯ ತಲೆದೆಸೆಗಿಟ್ಟು, ದೀಪ ಆರಿಸಿ, ಬಾಗಿಲು ಮುಂದೆ ಮಾಡಿಕೊಂಡು ಹೋದರು.