ಊರಿನ ಬಾಗಿಲು ಯಾರಿಗೆ ತೆರೆದಿರಬೇಕು?

ಒಂದು ಊರು ಯಾರದು? ಅಲ್ಲಿ ಹುಟ್ಟಿ ಬೆಳೆದವರದೋ, ಹಣ ಕೊಟ್ಟು ಮನೆ ಕೊಂಡವರದೋ, ದುಡಿಯಲು ಬರುವವರದೋ ಅಥವಾ ದೇಶವನ್ನಾಳುವ ಸರ್ಕಾರದ್ದೋ? ಮೇಲುನೋಟಕ್ಕೆ ಇದು ಕಂದಾಯ ಇಲಾಖೆ ಬಿಡಿಸಬೇಕಾದ ಪ್ರಶ್ನೆಯಂತೆ ಕಾಣುತ್ತದೆ. ಆಳಕ್ಕಿಳಿದು ನೋಡಿದರೆ ಇದು ನ್ಯಾಯದ ಪ್ರಶ್ನೆ; ನಮ್ಮ ನೆರೆಯವರು ಯಾರು ಎಂಬ ಪ್ರಶ್ನೆ. ಇಂದು ಇಂಗ್ಲೆಂಡಿನ ಸಣ್ಣ ಸಣ್ಣ ಗ್ರಾಮಗಳು ಈ ಪ್ರಶ್ನೆಯನ್ನು ತೀವ್ರವಾಗಿ ಎದುರಿಸುತ್ತಿವೆ. ನಮ್ಮ ನಾಡಿನ ಅನೇಕ ಕುಟುಂಬಗಳ ಮಕ್ಕಳು ಆ ದೇಶದ ಆಸ್ಪತ್ರೆಗಳಲ್ಲಿ, ವೃದ್ಧರ ಆರೈಕೆ ಕೇಂದ್ರಗಳಲ್ಲಿ ದುಡಿಯುತ್ತಾ ಬಾಡಿಗೆ ಮನೆಗಳಲ್ಲಿ ಬಾಳುತ್ತಿರುವುದರಿಂದ ಅಲ್ಲಿನ ಚರ್ಚೆ ನಮಗೆ ತೀರಾ ಹೊರಗಿನದೇನಲ್ಲ.

ಅಂಕಿಯೊಂದು ಊರಿಗೆ ಇಳಿದ ಬಗೆ

ಇಂಗ್ಲೆಂಡಿನಲ್ಲಿ 1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯ ನಂತರ, ಜಮೀನಿನ ಒಡೆಯನಾದ ಮಾತ್ರಕ್ಕೆ ಯಾರೂ ತಮ್ಮ ಇಚ್ಛೆಯಂತೆ ಮನೆ ಕಟ್ಟುವಂತಿಲ್ಲ. ಸ್ಥಳೀಯ ಆಡಳಿತದ ಅನುಮತಿ ಬೇಕು. ನಗರಗಳು ಹಳ್ಳಿಗಳನ್ನು ನುಂಗದಿರಲೆಂದು 1955ರಿಂದೀಚೆಗೆ ಅನೇಕ ನಗರಗಳ ಸುತ್ತ ಹಸಿರು ವಲಯಗಳನ್ನೂ ಗುರುತಿಸಲಾಯಿತು. ಈ ಏರ್ಪಾಡು ಹೊಲಗದ್ದೆಗಳನ್ನು ಉಳಿಸಿತು. ಆದರೆ ಕಾಲ ಸರಿದಂತೆ ಮನೆಗಳು ವಿರಳವಾದವು. 1968ರಲ್ಲಿ ಬ್ರಿಟನ್ನಿನಲ್ಲಿ ಒಂದೇ ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಮನೆಗಳು ಎದ್ದಿದ್ದವು. ಆ ಪ್ರಮಾಣವನ್ನು ದೇಶ ಮತ್ತೆ ಮುಟ್ಟಲಿಲ್ಲ. 1980ರ ವಸತಿ ಕಾಯಿದೆಯು ಸರ್ಕಾರಿ ಬಾಡಿಗೆ ಮನೆಗಳಲ್ಲಿದ್ದವರಿಗೆ ಅವನ್ನು ಕೊಳ್ಳುವ ಹಕ್ಕು ನೀಡಿತು. ಅನೇಕ ಬಡ ಕುಟುಂಬಗಳು ಮನೆಯೊಡೆಯರಾದವು ನಿಜ. ಆದರೆ ಮಾರಾಟವಾದ ಮನೆಗಳ ಜಾಗದಲ್ಲಿ ಅಷ್ಟೇ ಸಂಖ್ಯೆಯ ಹೊಸ ಬಾಡಿಗೆ ಮನೆಗಳು ಬರಲಿಲ್ಲ. 1997ರಲ್ಲಿ ಇಂಗ್ಲೆಂಡಿನ ಸಾಮಾನ್ಯ ಮನೆಯೊಂದರ ಬೆಲೆ ಸಾಮಾನ್ಯ ದುಡಿಮೆಗಾರನ ವಾರ್ಷಿಕ ಸಂಪಾದನೆಯ ಸುಮಾರು ಮೂರೂವರೆ ಪಟ್ಟಿತ್ತು. 2021ರಲ್ಲಿ ಅದು ಒಂಬತ್ತು ಪಟ್ಟನ್ನು ತಲುಪಿತು. 2024ರಲ್ಲಿ ಕೊಂಚ ಇಳಿದರೂ ಏಳೂವರೆ ಪಟ್ಟಿಗಿಂತ ಮೇಲೆಯೇ ಉಳಿಯಿತು.

ಈ ಹಿನ್ನೆಲೆಯಲ್ಲಿ 2024ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ, ತನ್ನ ಅವಧಿಯಲ್ಲಿ 15 ಲಕ್ಷ ಮನೆಗಳನ್ನು ಕಟ್ಟಿಸುವ ಗುರಿಯನ್ನಿಟ್ಟುಕೊಂಡಿತು. ಹಿಂದಿನ ಸರ್ಕಾರ ಕೇವಲ ಸಲಹೆಯ ಮಟ್ಟಕ್ಕಿಳಿಸಿದ್ದ ಸ್ಥಳೀಯ ಗುರಿಗಳನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಕಡ್ಡಾಯಗೊಳಿಸಲಾಯಿತು. ಹೊಸ ಲೆಕ್ಕದ ಪ್ರಕಾರ ಪ್ರತಿಯೊಂದು ಆಡಳಿತ ಪ್ರದೇಶವೂ ಈಗಿರುವ ಮನೆಗಳ ನೂರಕ್ಕೆ 0.8ರಷ್ಟನ್ನು ಪ್ರತಿವರ್ಷ ಸೇರಿಸಬೇಕೆಂಬುದು ಮೂಲ ಅಳತೆ. ಮನೆಯ ಬೆಲೆ ವಾರ್ಷಿಕ ಸಂಪಾದನೆಯ ಐದು ಪಟ್ಟನ್ನು ಮೀರಿದ ಕಡೆಗಳಲ್ಲಿ ಗುರಿಯೂ ಅದಕ್ಕನುಗುಣವಾಗಿ ಏರುತ್ತದೆ. 50 ಸಾವಿರ ಮನೆಗಳಿರುವ ಪ್ರದೇಶಕ್ಕೆ ಮೂಲ ಅಳತೆಯೇ ವರ್ಷಕ್ಕೆ 400 ಮನೆಗಳು. ಮುಂದಿನ ಐದು ವರ್ಷಗಳಿಗೆ ಸಾಕಾಗುವಷ್ಟು ಜಾಗವನ್ನು ಸ್ಥಳೀಯ ಆಡಳಿತ ಗುರುತಿಸದಿದ್ದರೆ, ಕಟ್ಟುವವರ ಅರ್ಜಿಯನ್ನು ತಿರಸ್ಕರಿಸುವುದು ಅದಕ್ಕೆ ಕಷ್ಟವಾಗುತ್ತದೆ. ಹೀಗೆ ಲಂಡನ್ನಿನಲ್ಲಿ ಹುಟ್ಟಿದ ಅಂಕಿಯೊಂದು ಜಿಲ್ಲೆಗಿಳಿದು, ಕೊನೆಗೆ ಯಾವುದೋ ಹಳ್ಳಿಯ ಅಂಚಿನ ಹುಲ್ಲುಗಾವಲಿಗೆ ಬಂದು ನಿಲ್ಲುತ್ತದೆ.

ಆ ಹಳ್ಳಿಗೆ ತನ್ನದೇ ಆದ ಒಂದು ಸಭೆ ಇರುವುದುಂಟು. ಅದರ ಹೆಸರು ಪ್ಯಾರಿಷ್ ಕೌನ್ಸಿಲ್. ಪ್ಯಾರಿಷ್ ಎಂದೊಡನೆ ನಮಗೆ ಧರ್ಮಕೇಂದ್ರ ನೆನಪಾಗುವುದು ಸಹಜ. ಹೆಸರು ಬಂದದ್ದೂ ಅಲ್ಲಿಂದಲೇ. ಆದರೆ 1894ರ ಕಾನೂನಿನ ಮೂಲಕ ಸ್ಥಾಪಿತವಾದ ಈ ಸಭೆ ನಮ್ಮ ಗ್ರಾಮ ಪಂಚಾಯಿತಿಯಂತಹ ನಾಗರಿಕ ಸಂಸ್ಥೆ. ಮನೆಗಳ ವಿಚಾರದಲ್ಲಿ ಅದು ಅಭಿಪ್ರಾಯ ಹೇಳಬಹುದೇ ಹೊರತು ತೀರ್ಮಾನಿಸುವಂತಿಲ್ಲ. ತೀರ್ಮಾನಿಸುವ ಅಧಿಕಾರವಿಲ್ಲದ ಕಡೆ ಅಸಮಾಧಾನ ಬೆಳೆಯುವುದು ಎಲ್ಲೆಡೆಯೂ ಉಂಟು.

ಊರಿನವರ ಮಾತಿನಲ್ಲಿರುವ ನಿಜ

ಹೊಸ ಮನೆಗಳನ್ನು ವಿರೋಧಿಸುವ ಗ್ರಾಮಸ್ಥರೆಲ್ಲರೂ ಸ್ವಾರ್ಥಿಗಳು ಎಂದು ತೀರ್ಪು ನೀಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ನೂರು ಮನೆಗಳ ಊರಿಗೆ ಇನ್ನೂ ನೂರು ಮನೆಗಳು ಸೇರಿದರೆ ಚರಂಡಿ ತಾಳುವುದೇ? ವೈದ್ಯರು ಸಿಗುವರೇ? ಶಾಲೆಯಲ್ಲಿ ಸ್ಥಳವಿದೆಯೇ? ಇವು ನಿಜವಾದ ಪ್ರಶ್ನೆಗಳು. 2023ರಲ್ಲಿ ಕೇಂಬ್ರಿಜ್ ಸುತ್ತಮುತ್ತಲಿನ ಕೆಲವು ದೊಡ್ಡ ವಸತಿ ಯೋಜನೆಗಳಿಗೆ ಸರ್ಕಾರದ್ದೇ ಪರಿಸರ ಸಂಸ್ಥೆ ನೀರಿನ ಅಭಾವದ ಕಾರಣದಿಂದ ಆಕ್ಷೇಪ ಎತ್ತಿತು. ಒಂದು ಇಲಾಖೆ ಮನೆ ಕಟ್ಟಿರೆನ್ನುತ್ತದೆ, ಇನ್ನೊಂದು ನೀರಿಲ್ಲವೆನ್ನುತ್ತದೆ. ನಡುವೆ ನಿಂತ ಗ್ರಾಮಸ್ಥ ಯಾರ ಮಾತು ನಂಬಬೇಕು?

ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ನೋವೂ ಇದೆ. ಊರೆಂದರೆ ಮನೆಗಳ ಮೊತ್ತವಲ್ಲ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮದುವೆ ಎಂದು ಪರಸ್ಪರ ಬಲ್ಲವರ ಬಾಳು ಅದು. ಆ ಪರಿಚಯ ಬೆಳೆಯಲು ತಲೆಮಾರುಗಳು ಬೇಕು. ಅದನ್ನು ಕದಡಲು ಕೆಲವೇ ತಿಂಗಳು ಸಾಕು. ಅಂಕಿಗೆ ಈ ಅಮೂಲ್ಯ ಸಂಪತ್ತು ಕಾಣುವುದಿಲ್ಲ. ಕಾಣದ್ದನ್ನು ಇಲ್ಲವೆಂದು ಭಾವಿಸುವುದು ಅಧಿಕಾರಕ್ಕೆ ಅಂಟಿದ ಹಳೆಯ ದೋಷ.

ಸಭೆಯಲ್ಲಿ ಇಲ್ಲದವರು

ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹೊಸ ಮನೆಗಳು ಬೇಡವೆನ್ನಲು ಸೇರಿದ ಸಭೆಯಲ್ಲಿ ಕುಳಿತವರು ಯಾರು? ಈಗಾಗಲೇ ಮನೆ ಇರುವವರು. ಆ ಮನೆಗಳಲ್ಲಿ ವಾಸಿಸಬೇಕಾಗಿದ್ದವರು ಆ ಸಭೆಯಲ್ಲಿಲ್ಲ. ಅವರು ಎಲ್ಲೋ ದೂರದ ಪಟ್ಟಣದ ಬಾಡಿಗೆ ಕೋಣೆಯಲ್ಲಿದ್ದಾರೆ. ಅವರಿಗೆ ಆ ಊರಿನಲ್ಲಿ ಮತವಿಲ್ಲ, ವಿಳಾಸವಿಲ್ಲ, ಮುಖವೂ ಇಲ್ಲ. ನಾವು ಹೊಸಬರು ಎನ್ನುವ ಅವರಲ್ಲಿ ಎಷ್ಟೋ ಮಂದಿ ಅದೇ ಊರಿನ ಮಕ್ಕಳು. ತಂದೆತಾಯಿಯ ಬಳಿ ನೆಲೆಸಲು ಶಕ್ತಿ ಸಾಲದೆ ಹೊರಟುಹೋದವರು.

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. 1961ರಲ್ಲಿ ಅಲ್ಲಿಯ ಮನೆಯೊಂದರಲ್ಲಿ ಸರಾಸರಿ 3.1 ಜನರಿದ್ದರು, ಇಂದು ಸುಮಾರು 2.4. ಮಕ್ಕಳು ಕಡಿಮೆಯಾದರು, ಒಂಟಿಯಾಗಿ ಬಾಳುವ ವೃದ್ಧರು ಹೆಚ್ಚಾದರು. ಈ ಸರಾಸರಿಯಂತೆ 300 ಜನರ ಊರಿಗೆ ಅಂದು 97 ಮನೆಗಳು ಸಾಕಾಗಿದ್ದವು. ಇಂದು ಅದೇ 300 ಜನರಿಗೆ 125 ಮನೆಗಳು ಬೇಕು. ಅಂದರೆ ಒಂದೂ ಹೊಸ ಮನೆ ಕಟ್ಟದ ಊರು ಇದ್ದಂತೆಯೇ ಉಳಿಯುವುದಿಲ್ಲ, ಮೆಲ್ಲಮೆಲ್ಲನೆ ಕುಗ್ಗುತ್ತದೆ. ಮೊದಲು ಶಾಲೆಯ ಮಕ್ಕಳು ಕಡಿಮೆಯಾಗುತ್ತಾರೆ. ಆಮೇಲೆ ಬಸ್ಸು, ಅಂಗಡಿ, ಅಂಚೆ ಕಚೇರಿ ಒಂದೊಂದಾಗಿ ಹೋಗುತ್ತವೆ. ಗೋಡೆಗಳನ್ನು ಇದ್ದಂತೆಯೇ ಉಳಿಸಿಕೊಂಡ ಮಾತ್ರಕ್ಕೆ ಊರನ್ನು ಉಳಿಸಿಕೊಂಡಂತಾಗುವುದಿಲ್ಲ.

ಹಾಗೆಂದು ಕೇವಲ ಕಟ್ಟುತ್ತಾ ಹೋದರೆ ಸಾಕೇ? ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಸೇಂಟ್ ಐವ್ಸ್ ಎಂಬ ಪುಟ್ಟ ಕಡಲೂರಿನ ಅನುಭವ ಇಲ್ಲಿ ಪಾಠವಾಗಬಲ್ಲದು. ಅಲ್ಲಿಯ ಮನೆಗಳಲ್ಲಿ ಸುಮಾರು ಕಾಲುಭಾಗ ರಜೆ ಕಳೆಯಲು ಬರುವವರ ಎರಡನೆಯ ಮನೆಗಳು ಅಥವಾ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗಳಾಗಿದ್ದವು. ಚಳಿಗಾಲದಲ್ಲಿ ಬೀದಿಗೆ ಬೀದಿಯೇ ಕತ್ತಲು. 2016ರ ಮೇ ತಿಂಗಳಲ್ಲಿ ನಡೆದ ಜನಮತದಲ್ಲಿ ನೂರಕ್ಕೆ 83ಕ್ಕೂ ಹೆಚ್ಚು ಮತಗಳು, ಇನ್ನು ಮುಂದೆ ಕಟ್ಟುವ ಹೊಸ ಮನೆಗಳು ವರ್ಷಪೂರ್ತಿ ವಾಸಿಸುವವರಿಗೆ ಮಾತ್ರ ಎಂಬ ನಿಯಮದ ಪರವಾಗಿ ಬಿದ್ದವು. ಉದ್ದೇಶ ನ್ಯಾಯವಾದುದೇ. ಆದರೆ ಹೊರಗಿನ ಶ್ರೀಮಂತರು ಹೊಸ ಮನೆಗಳನ್ನು ಬಿಟ್ಟು ಹಳೆಯ ಮನೆಗಳತ್ತ ತಿರುಗಿದರು; ಕಟ್ಟುವವರು ಹಿಂಜರಿದರು ಎಂದು ಮುಂದೆ ಲಂಡನ್ನಿನ ಸಂಶೋಧಕರು ತೋರಿಸಿದರು. ಒಂದು ಬಾಗಿಲನ್ನು ಮುಚ್ಚಿದರೆ ಹಣ ಇನ್ನೊಂದು ಬಾಗಿಲನ್ನು ಹುಡುಕಿಕೊಳ್ಳುತ್ತದೆ. ಒಳ್ಳೆಯ ಉದ್ದೇಶವೊಂದೇ ಸಾಲದು, ವಿವೇಕವೂ ಬೇಕು.

ಒಡೆತನವೋ, ಪಾಲಕತ್ವವೋ?

ಮೊದಲು ಬಂದವರಿಗೆ ಹಕ್ಕಿಲ್ಲವೆಂದು ಹೇಳಲಾಗದು. ಊರನ್ನು ಕಟ್ಟಿ, ಕೆರೆಯನ್ನು ಕಾಪಾಡಿ, ಮರಗಳನ್ನು ನೆಟ್ಟು ಬೆಳೆಸಿದವರ ಶ್ರಮಕ್ಕೆ ಬೆಲೆಯಿದೆ. ಆದರೆ ಆ ಹಕ್ಕು ಒಡೆತನದ ಹಕ್ಕೋ, ಪಾಲಕತ್ವದ ಹಕ್ಕೋ? ಭೂಮಿ ದೇವರದು, ಅದರ ಮೇಲೆ ಬಾಳುವವರೆಲ್ಲರೂ ಅತಿಥಿಗಳು ಎಂಬ ತಿಳಿವಳಿಕೆಯ ಮೇಲೆಯೇ ಯಾಜಕಕಾಂಡದ ಜೂಬಿಲಿ ವರ್ಷದ ನಿಯಮಗಳು ನಿಂತಿವೆ. ತಾನೇ ಅತಿಥಿಯಾಗಿರುವವನು ಇನ್ನೊಬ್ಬ ಅತಿಥಿಯನ್ನು ಬಾಗಿಲಲ್ಲೇ ತಡೆಯುವ ಮುನ್ನ ಎರಡು ಬಾರಿ ಯೋಚಿಸಬೇಕಾಗುತ್ತದೆ. ಪಾಲಕನಿಗೆ ಎರಡು ಹೊಣೆಗಳು: ಕೈಗೆ ಬಂದದ್ದನ್ನು ಕೆಡದಂತೆ ಕಾಯುವುದು ಮತ್ತು ಮುಂದೆ ಬರುವವರಿಗೆ ಅದನ್ನು ಒಪ್ಪಿಸುವುದು. ಮೊದಲನೆಯದನ್ನು ಮಾತ್ರ ಮಾಡಿ ಎರಡನೆಯದನ್ನು ಮರೆತರೆ ಪಾಲಕನು ಒಡೆಯನಾಗಿಬಿಡುತ್ತಾನೆ.

ಈ ಮಾತು ಧರ್ಮಸಭೆಗಳಿಗೂ ಅನ್ವಯಿಸುತ್ತದೆ. ಇಂಗ್ಲೆಂಡಿನ ಆಂಗ್ಲಿಕನ್ ಧರ್ಮಸಭೆಯ ಮಹಾಧರ್ಮಾಧ್ಯಕ್ಷರು ನೇಮಿಸಿದ ವಸತಿ ಆಯೋಗ 2021ರ ಫೆಬ್ರವರಿಯಲ್ಲಿ ತನ್ನ ವರದಿ ನೀಡಿತು. ಒಳ್ಳೆಯ ಮನೆ ಹೇಗಿರಬೇಕೆಂಬುದಕ್ಕೆ ಅದು ಐದು ಗುಣಗಳನ್ನು ಹೆಸರಿಸಿತು: ಪರಿಸರಕ್ಕೆ ಹೊರೆಯಾಗದಿರುವುದು, ಸುರಕ್ಷಿತವಾಗಿರುವುದು, ಸ್ಥಿರವಾಗಿರುವುದು, ನೆರೆಹೊರೆಯೊಂದಿಗೆ ಬೆರೆಯುವಂತಿರುವುದು, ವಾಸಿಸುವವರಿಗೆ ತೃಪ್ತಿ ನೀಡುವುದು. ಸರ್ಕಾರಕ್ಕೆ ಉಪದೇಶ ನೀಡಿ ಅದು ಸುಮ್ಮನಾಗಲಿಲ್ಲ. ಧರ್ಮಸಭೆಯ ಸ್ವಂತ ಜಮೀನನ್ನು ಸಾಮಾನ್ಯರ ಕೈಗೆಟಕುವ ಮನೆಗಳಿಗೆ ಬಳಸಬೇಕೆಂದೂ ಕರೆ ನೀಡಿತು. ಇತರರ ಹೊಲದಲ್ಲಿ ಬಡವನಿಗೆ ಮನೆಯಾಗಲಿ ಎನ್ನುವುದು ಸುಲಭ. ನಮ್ಮ ಹೊಲದಲ್ಲಿ ಎಂದಾಗ ಮಾತಿಗೆ ತೂಕ ಬರುತ್ತದೆ.

ಅಲ್ಲಿ ಇನ್ನೊಂದು ಹಾದಿಯೂ ಸದ್ದಿಲ್ಲದೆ ನಡೆದುಬಂದಿದೆ. ಸಾಮಾನ್ಯವಾಗಿ ಕಟ್ಟಲು ಅನುಮತಿ ಸಿಗದ ಹಳ್ಳಿಯಂಚಿನ ಜಾಗದಲ್ಲಿ, ಆ ಊರಿನೊಂದಿಗೆ ನಂಟುಳ್ಳ ಕಡಿಮೆ ವರಮಾನದವರಿಗಾಗಿಯೇ ಕೆಲವು ಮನೆಗಳನ್ನು ಕಟ್ಟಲು ವಿಶೇಷ ಅವಕಾಶವಿದೆ. ಜಮೀನಿನವರು ಕಡಿಮೆ ಬೆಲೆಗೆ ಜಾಗ ಕೊಡುತ್ತಾರೆ. ಮುಂದೆಯೂ ಆ ಮನೆಗಳು ಅಂಥವರಿಗೇ ಮೀಸಲು. ಹತ್ತು ಹನ್ನೆರಡು ಮನೆಗಳ ಇಂಥ ಕೆಲಸದಿಂದ ದೇಶದ ಗುರಿ ತಲುಪುವುದಿಲ್ಲ ಎನ್ನುವುದು ನಿಜ. ಆದರೆ ಇಲ್ಲಿ ಯಾರಿಗಾಗಿ ಎಂಬ ಪ್ರಶ್ನೆ ಎಷ್ಟು ಎಂಬ ಪ್ರಶ್ನೆಗಿಂತ ಮೊದಲು ಬರುತ್ತದೆ. ಆದುದರಿಂದಲೇ ಊರಿನವರ ಮನಸ್ಸೂ ಮೃದುವಾಗುತ್ತದೆ.

ನಮ್ಮ ಗ್ರಾಮಸಭೆಗಳಿಗೂ ಮೇಲಿನಿಂದ ಅಂಕಿಗಳು ಇಳಿದುಬರುತ್ತವೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಗೆ 2024ರ ಆಗಸ್ಟಿನಲ್ಲಿ ಇನ್ನೂ 2 ಕೋಟಿ ಮನೆಗಳ ಗುರಿಯನ್ನು ಸೇರಿಸಲಾಯಿತು. ಆ ಗುರಿ ರಾಜ್ಯಕ್ಕೆ, ಜಿಲ್ಲೆಗೆ, ಪಂಚಾಯಿತಿಗೆ ಹಂಚಿಕೆಯಾಗುತ್ತದೆ. ಇಲ್ಲಿ ಮನೆಯಿಲ್ಲದವರ ಹೆಸರು ಗ್ರಾಮಸಭೆಯ ಮುಂದೆ ಬರುತ್ತದೆ ಎಂಬುದೊಂದು ಸಮಾಧಾನ. ಆದರೆ ನಿವೇಶನಕ್ಕಾಗಿ ಜಾಗ ಗುರುತಿಸುವ ಹೊತ್ತಿಗೆ, ನಮ್ಮ ಕೇರಿಯ ಪಕ್ಕದಲ್ಲಿ ಬೇಡ ಎನ್ನುವ ದನಿ ನಮ್ಮಲ್ಲೂ ಏಳದಿರುವುದಿಲ್ಲ. ಆಗ ಚರಂಡಿ, ನೀರುಗಳ ಮಾತನ್ನಾಡುತ್ತಿರುವುದು ನಮ್ಮ ಕಾಳಜಿಯೋ, ಜಾತಿ-ಅಂತಸ್ತುಗಳ ಭಯವೋ ಎಂದು ನಮ್ಮ ಅಂತಃಕರಣವನ್ನೇ ಕೇಳಿಕೊಳ್ಳಬೇಕು. ಈ ಪರೀಕ್ಷೆಯನ್ನು ಯಾವ ಸರ್ಕಾರವೂ ನಮ್ಮ ಪರವಾಗಿ ಬರೆಯಲಾರದು.

ಹಾಗಾದರೆ ದಾರಿ ಯಾವುದು? ಸರ್ಕಾರ ಅಂಕಿಯನ್ನು ಕಳುಹಿಸುವುದರೊಂದಿಗೆ ನೀರು, ಶಾಲೆ, ಆಸ್ಪತ್ರೆಗಳನ್ನೂ ಕಳುಹಿಸಬೇಕು. ಇಲ್ಲವಾದರೆ ಅದು ತನ್ನ ಹೊಣೆಯನ್ನು ದುರ್ಬಲರ ಹೆಗಲಿಗೇರಿಸಿ ಔದಾರ್ಯದ ಕೀರ್ತಿಯನ್ನು ತಾನು ಪಡೆದಂತಾಗುತ್ತದೆ. ಊರಿನವರಾದರೋ ತಮ್ಮ ಸಭೆಯಲ್ಲಿ ಖಾಲಿಯಿರುವ ಆಸನವನ್ನು ನೆನೆಯಬೇಕು. ಬೇಡ ಎನ್ನುವ ಮುನ್ನ, ಬರಬೇಕಾಗಿದ್ದವರ ಪರವಾಗಿ ಮಾತನಾಡಲು ನಮ್ಮಲ್ಲಿ ಒಬ್ಬರಾದರೂ ಎದ್ದು ನಿಂತರೇ ಎಂದು ಕೇಳಿಕೊಳ್ಳಬೇಕು. ಎಷ್ಟು ಮನೆಗಳು, ಎಲ್ಲಿ, ಯಾವಾಗ ಎಂಬುದರಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯಕ್ಕೆ ಸ್ಥಳವಿದೆ. ಬರುವವರ ಮಾತನ್ನು ಕೇಳದೆಯೇ ತೀರ್ಮಾನಿಸಲು ಮಾತ್ರ ಸ್ಥಳವಿಲ್ಲ. ಇಂದು ಪರದೇಶದ ಯಾವುದೋ ಊರಿನ ಬಾಗಿಲಲ್ಲಿ ನಮ್ಮ ಮಕ್ಕಳೇ ಹೊಸಬರಾಗಿ ನಿಂತಿರುವಾಗ, ಈ ಸತ್ಯವನ್ನು ಅರಿಯುವುದು ನಮಗೆ ಕಷ್ಟವಾಗಲಾರದು.