ಪುಷ್ಪಕ ಇಲ್ಲಿ ನಿಂತಿತ್ತು

ನಮ್ಮ ಹನುಮನಹಳ್ಳಿಯ ಮಂದಿಗೆ ಹಾರಾಟದ ಮಾತು ಹೊಸದಲ್ಲ. ಎದುರಿಗೇ ಅಂಜನಾದ್ರಿ ಇದೆ. 575 ಮೆಟ್ಟಿಲು ಹತ್ತಿ, ಬೆವರೊರೆಸಿಕೊಂಡು ನಿಂತರೆ, ಇಲ್ಲಿ ಹುಟ್ಟಿದ ಕೂಸೊಂದು ಸೂರ್ಯನನ್ನು ಹಣ್ಣೆಂದು ತಿಳಿದು ಮೇಲಕ್ಕೆ ನೆಗೆಯಿತು ಎಂಬ ಕಥೆಯನ್ನು ನಂಬಬೇಕೆನಿಸುತ್ತದೆ. ಕೆಳಗೆ ತುಂಗಭದ್ರೆ, ಭತ್ತದ ಗದ್ದೆ, ಬಾಳೆತೋಟ, ಬಂಡೆಗಳ ರಾಶಿ. ಹಕ್ಕಿಗಳಿಗೆ ಇದೆಲ್ಲ ದಿನವೂ ಹೀಗೇ ಕಾಣುತ್ತದಲ್ಲ ಎಂದು ನನಗೆ ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತದೆ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ವಿಮಾನ ನಡೆಸುವ ಲೈಸೆನ್ಸ್ ಪಡೆದಿದ್ದಾನೆ. ಈಗ ಸ್ವಂತಕ್ಕೊಂದು ಪುಟ್ಟ ವಿಮಾನ ಕೊಳ್ಳುವ ಯೋಚನೆ. ವಾರದ ದಿನಗಳಲ್ಲಿ ಕೆಲಸಕ್ಕೆ ಹೋಗಿಬರಲು, ರಜೆಯಲ್ಲಿ ವಿಹಾರಕ್ಕೆ. “ಎರಡು ಸೀಟಿಂದು ತಗೊಳ್ಲೋ, ನಾಕು ಸೀಟಿಂದು ತಗೊಳ್ಲೋ ಚಿಗವ್ವ?” ಎಂದು ಫೋನಿನಲ್ಲಿ ಕೇಳಿದ. ಸ್ಕೂಟರ್ ಕೂಡ ನಡೆಸದ ನನ್ನನ್ನು ಕೇಳುತ್ತಾನಲ್ಲ ಎಂದು ನಗು ಬಂತು. ದುಡ್ಡು ಅವನದು, ಆಸೆ ಅವನದು, ಇದರಲ್ಲಿ ಸರಿ-ತಪ್ಪಿನ ಮಾತೇಕೆ ಎನ್ನಬಹುದು. ಆದರೆ ಆಯ್ಕೆ ಇರುವಲ್ಲೆಲ್ಲ ಆ ಮಾತು ಬಂದೇ ಬರುತ್ತದೆ.

ನಾವು ಹೆಂಗಸರು ಪಾತ್ರೆ ಕೊಳ್ಳುವ ರೀತಿ ನೋಡಿ. ಎಂದೋ ಆಗುವ ಮದುವೆಯನ್ನು ನೆನೆದು ಯಾರೂ ಕೊಪ್ಪರಿಗೆ ತರುವುದಿಲ್ಲ. ದಿನದ ಅನ್ನಕ್ಕೆ ಎಷ್ಟು ಬೇಕೋ ಅಷ್ಟರದನ್ನು ತರುತ್ತೇವೆ. ಮದುವೆ ಬಂದಾಗ ಗುಡಿಯಿಂದಲೋ ಬಾಡಿಗೆಗೋ ದೊಡ್ಡ ಪಾತ್ರೆ ತಂದು, ಕೆಲಸ ಮುಗಿದ ಮೇಲೆ ತೊಳೆದು, ಎಣಿಸಿ ಹಿಂತಿರುಗಿಸುತ್ತೇವೆ. ವಿಮಾನಕ್ಕೂ ಇದೇ ಲೆಕ್ಕವಂತೆ. ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನ 1956ರಲ್ಲಿ ಮಾರುಕಟ್ಟೆಗೆ ಬಂತು. ಇದುವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಆದರೆ ಟ್ಯಾಂಕಿನ ತುಂಬ ಇಂಧನ ಹಾಕಿದರೆ ನಾಲ್ವರು ದೊಡ್ಡವರು ಸಾಮಾನು ಸಮೇತ ಕೂರುವುದು ಸಾಮಾನ್ಯವಾಗಿ ಸಾಧ್ಯವಾಗದು. ತೂಕ ಮೀರುತ್ತದೆ. ಒಂದೋ ಇಂಧನ ಇಳಿಸಬೇಕು, ಇಲ್ಲವೇ ಒಬ್ಬರನ್ನು ಇಳಿಸಬೇಕು. ಸೀಟಿದ್ದಷ್ಟೂ ಜಾಗವಿದೆ ಎಂದುಕೊಂಡವರಿಗೆ ಇದು ಒಳ್ಳೆಯ ಪಾಠ.

ಇನ್ನು ದಿನನಿತ್ಯದ ಓಡಾಟ. ವಿಮಾನ ಮನೆಬಾಗಿಲಿಗೆ ಬರುವುದಿಲ್ಲ. ಮನೆಯಿಂದ ರನ್‌ವೇಗೆ ಒಂದು ಕಾರು, ಆ ಕಡೆ ಇಳಿದ ಮೇಲೆ ಆಫೀಸಿಗೆ ಇನ್ನೊಂದು. ಮೋಡದೊಳಗೆ ಉಪಕರಣ ನೋಡಿಕೊಂಡು ಹಾರಲು ಬೇರೆಯದೇ ತರಬೇತಿ ಬೇಕು. ಅದಿಲ್ಲದವರು ಕಣ್ಣಿಗೆ ದಾರಿ ಕಾಣುವಾಗಲೇ ಹಾರಬೇಕು. ಹವೆ ಕೆಟ್ಟಿದ್ದರೂ ಮನೆ ಮುಟ್ಟುವ ಆತುರಕ್ಕೆ ಹೊರಟು ಪ್ರಾಣ ಕಳೆದುಕೊಂಡವರು ಎಷ್ಟೋ ಜನ. ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟಾಗ ನಮ್ಮ ಅಂಬಿಗ ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ, “ಇವತ್ತ ಆಗಂಗಿಲ್ರಿ ಅಕ್ಕೋರ” ಎನ್ನುತ್ತಾನೆ. ಆ ದಿನದ ಸಂಪಾದನೆ ಹೋದರೂ ಮಾತು ಬದಲಿಸುವುದಿಲ್ಲ. ಸ್ವಂತ ವಿಮಾನವಿದ್ದವನಿಗೆ ‘ಆಗುವುದಿಲ್ಲ’ ಎನ್ನುವ ಅಂಬಿಗನಿಲ್ಲ. ಅವನೇ ಪ್ರಯಾಣಿಕ, ಅವನೇ ಅಂಬಿಗ. ಹಾಗಾಗಿ ಯಾವ ವಿಮಾನ ಎನ್ನುವ ಮೊದಲು, ಹೊರಡದೆ ಉಳಿಯುವ ಮನಸ್ಸು ನನಗಿದೆಯೇ ಎಂದು ಕೇಳಿಕೊಳ್ಳಬೇಕು. ನಮ್ಮ ಹುಡುಗನಿಗೆ ಇದನ್ನೇ ಹೇಳಿದೆ.

ಹಾಗಾದರೆ ವಿಹಾರಕ್ಕೆ ಹಾರುವುದು ದುಂದೇ? ಇಲ್ಲಿ ನಾನು ತುಸು ತಡೆದು ಮಾತಾಡುತ್ತೇನೆ. ಮಿತವ್ಯಯದ ಉಪದೇಶವನ್ನು ಹೆಂಗಸರಷ್ಟು ಕೇಳಿಸಿಕೊಂಡವರು ಯಾರಿದ್ದಾರೆ? ಮನೆಯಲ್ಲಿ ಖರ್ಚು ಕಡಿಮೆ ಮಾಡಬೇಕೆಂದರೆ ಮೊದಲು ಕತ್ತರಿ ಬೀಳುವುದು ನಮ್ಮ ಆಸೆಗಳಿಗೇ. 1936ರಲ್ಲಿ ಸರಳಾ ಠಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದಾಗ ಅವರಿಗೆ 21 ವರ್ಷ, ಮನೆಯಲ್ಲಿ ಎಳೆಯ ಮಗಳು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ತರಬೇತಿ ಶಾಲೆಯಲ್ಲಿ ಕಲಿತು 1949ರಲ್ಲಿ ಪೈಲಟ್ ಆದವರು ಉಷಾ ಸುಂದರಂ. 1951ರಲ್ಲಿ ಅವರು ಪತಿಯೊಂದಿಗೆ ಲಂಡನ್‌ನಿಂದ ಮುಂಬಯಿಗೆ 27 ಗಂಟೆಗಳಲ್ಲಿ ಪುಟ್ಟ ಡವ್ ವಿಮಾನವನ್ನು ತಂದರು. ಇವರ ಹಾರುವ ಆಸೆಯನ್ನು ದುಂದು ಎನ್ನಲು ನನ್ನ ನಾಲಿಗೆ ಏಳದು.

ಆದರೆ ಒಂದು ಸಂಗತಿ ಗಮನಿಸಿ. ಸರಳಾ ಹಾರಿಸಿದ್ದು ಲಾಹೋರ್ ಫ್ಲೈಯಿಂಗ್ ಕ್ಲಬ್ಬಿನ ವಿಮಾನವನ್ನು. ಉಷಾ ಕಲಿತದ್ದು ಸರ್ಕಾರಿ ಶಾಲೆಯ ವಿಮಾನದಲ್ಲಿ. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಎರಡು ಸೀಟಿನ ಹಗುರ ವಿಮಾನ ಮಾಡಿ ‘ಪುಷ್ಪಕ್’ ಎಂದು ಹೆಸರಿಟ್ಟಿತು. ಅವು ಹೆಚ್ಚಾಗಿ ಸೇರಿದ್ದು ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ. ಒಂದೊಂದರಲ್ಲೂ ಎಷ್ಟೋ ಜನ ಹಾರಲು ಕಲಿತರು. 1993ರಲ್ಲಿ ಮೊದಲು ಹಾರಿದ ಎನ್‌ಎಎಲ್‌ನ ‘ಹಂಸ’ವೂ ತರಬೇತಿಗೆಂದೇ ಮಾಡಿದ್ದು. ಹಾರುವ ಸಂತೋಷಕ್ಕೆ ವಿಮಾನ ಬೇಕು ನಿಜ, ಅದು ನನ್ನೊಬ್ಬಳ ಹೆಸರಿನಲ್ಲೇ ಇರಬೇಕೆಂದಿಲ್ಲ. ನಾಲ್ಕಾರು ಜನ ಸೇರಿ ಒಂದು ವಿಮಾನ ಇಟ್ಟುಕೊಳ್ಳುವ ರೂಢಿ ಅಮೆರಿಕದಲ್ಲೂ ಇದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯವರು ಕಟ್ಟಿಕೊಂಡ ವಿಮಾನ ನಿಲ್ದಾಣಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಸಾಮಾನ್ಯರ ವಿಮಾನವೂ ಬಂದಿಳಿಯಿತು. ಅದೇ ನೆಲ, ಅದೇ ರನ್‌ವೇ. ಆದರೆ ಅದರ ಅರ್ಥ ಎಷ್ಟು ಹಿಗ್ಗಿತು!

ಪುಷ್ಪಕ ಎಂದಾಗ ರಾಮಾಯಣ ನೆನಪಾಗದೆ ಇರದು. ಆ ವಿಮಾನ ಕುಬೇರನದು. ರಾವಣ ಅದನ್ನು ಬಲಾತ್ಕಾರದಿಂದ ಕಿತ್ತುಕೊಂಡು ನನ್ನದೆಂದ. ಯುದ್ಧ ಮುಗಿದ ಮೇಲೆ ರಾಮ ಅದರಲ್ಲಿ ಅಯೋಧ್ಯೆಗೆ ಹೊರಟ. ದಾರಿಯಲ್ಲಿ ಕಿಷ್ಕಿಂಧೆ ಕಂಡಾಗ ಸೀತೆ, ತಾರೆಯನ್ನೂ ಉಳಿದ ವಾನರರ ಹೆಂಡಂದಿರನ್ನೂ ಕರೆದುಕೊಂಡು ಹೋಗೋಣ ಎಂದಳಂತೆ. ರಾಮ ವಿಮಾನ ನಿಲ್ಲಿಸಿದ. ಕಿಷ್ಕಿಂಧೆ ಎಂದರೆ ನಮ್ಮದೇ ನೆಲ. ಯುದ್ಧಕ್ಕೆ ಹೋದ ಗಂಡಸರ ದಾರಿ ಕಾಯುತ್ತಿದ್ದ ಇಲ್ಲಿನ ಹೆಂಗಸರು ಅಂದು ಪುಷ್ಪಕ ಹತ್ತಿದರು. ಮನೆ ಸೇರುವ ಆತುರ ಸೀತೆಗಿಂತ ಇನ್ನಾರಿಗಿತ್ತು? ಆದರೂ ವಿಮಾನ ನಿಲ್ಲಿಸಿದವಳು ಅವಳೇ.

ಅಯೋಧ್ಯೆ ಮುಟ್ಟಿದ ಮೇಲೆ ರಾಮ ಪುಷ್ಪಕವನ್ನು ಕುಬೇರನಿಗೇ ಹಿಂದಕ್ಕೆ ಕಳಿಸಿದ. ಕೇಳುವವರು ಯಾರೂ ಇರಲಿಲ್ಲ, ಇಟ್ಟುಕೊಳ್ಳಬಹುದಿತ್ತು. ಮದುವೆ ಮುಗಿದ ಮೇಲೆ ತಂದ ಪಾತ್ರೆಯನ್ನು ತೊಳೆದು, ಎಣಿಸಿ ಕೊಟ್ಟುಬರುವ ಯಾವ ಗೃಹಿಣಿಗೂ ಅವನು ಮಾಡಿದ್ದು ಅರ್ಥವಾಗುತ್ತದೆ.